ಪಾಕೀಟಿಗೆ ಹಾಕಿದ ಕೂದಲು

ಬೈಲಹೊಂಗಲದಲ್ಲಿ ಯಾರು ಊಟಕ್ಕೆ ಕರೆದರೂ ಮೊದಲು ರಿಪೋರ್ಟು ಬಿಚ್ಚುವವನು ನಾನು. ನನ್ನ ಮೈಗೆ ಯಾವುದು ಒಗ್ಗುವುದಿಲ್ಲವೆಂದು ಕೂದಲು ಪರೀಕ್ಷಿಸಿ ಪುಣೆಯ ಲ್ಯಾಬಿನವರು ಟಪಾಲಿನಲ್ಲಿ ಕಳಿಸಿದ್ದು ಅದು. ಕೂದಲು ಕತ್ತರಿಸಿ ಪಾಕೀಟಿಗೆ ಹಾಕಿದವಳು ಹೆಂಡತಿ ಶೈಲಜಾ. "ಶೇಂಗಾ ಹಿಂಡಿ ಬ್ಯಾಡ್ರಿ, ನನ್ನ ಕೂದಲಾ ಒಪ್ಪೂದಿಲ್ಲ" ಎಂದು ಚಟ್ನಿಪುಡಿ ಬಡಿಸಿದ ತಾಟು ಸರಿಸುತ್ತೇನೆ. ರಿಪೋರ್ಟಿನಲ್ಲಿರುವ ಹತ್ತಿಯ ಧೂಳನ್ನು ನೆನೆದರೂ ಸೀನುತ್ತೇನೆ. 'ದೇಹ ಬಹಳ ದಣಿದಿದೆ, ವಿಶ್ರಾಂತಿ ಬೇಕು' ಎಂಬ ಕೊನೆಯ ಸಾಲನ್ನಂತೂ ಭಕ್ತಿಯಿಂದ ಪಾಲಿಸುತ್ತೇನೆ. ಉಂಡ ಕೂಡಲೇ ಅಡ್ಡಾಗಿ, ನೀರು ತರಲು ಶೈಲಜಾಳನ್ನು ಕೂಗುತ್ತೇನೆ. ನಿನ್ನೆ ಆಕೆ ತಂಬಿಗೆ ಇಡುತ್ತ ನನ್ನ ಬೋಳುತಲೆ ನೋಡಿ ನಕ್ಕಳು: "ಅವತ್ತ ನಿಮ್ಮ ಕೂದಲಾ ಸಾಲಲಿಲ್ರಿ. ನನ್ನ ಹೆರಳಿಂದನ ಕತ್ತರಿಸಿ ಹಾಕಿದ್ದೆ." ಹೀಗೆಂದು, ವಿಶ್ರಾಂತಿ ಬೇಕಾದ ಆ ದೇಹ ಮುಸುರೆ ತಿಕ್ಕಲು ಹಿತ್ತಲಿಗೆ ಹೋಯಿತು.