ಬಿಸಿಲಿಗೆ ಹಾಕಿದ ಬ್ಯಾಟರಿ

ಒದ್ದೆಯಾದದ್ದನ್ನು ಏನು ಮಾಡಬೇಕೆಂದು ಬ್ಯಾಡಗಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಬಿಸಿಲಿಗೆ ಹಾಕುತ್ತಾರೆ.

ನನ್ನ ಸೋದರಮಾವನದು ಮೆಣಸಿನಕಾಯಿ ವ್ಯಾಪಾರ. ಇಂಜಿನಿಯರಿಂಗ್ ಮುಗಿಸಿದ ಮೇಲೆ ಅವರ ಗೋದಾಮಿನ ಪಕ್ಕದ ಕೋಣೆಯಲ್ಲಿ ನಾನು ಬ್ಯಾಟರಿ ತಯಾರಿಸುತ್ತಿದ್ದೆ. ಕಾಯಿಯ ತೇವ ಅಳೆಯುವ, ಕೈಯಲ್ಲಿ ಹಿಡಿಯುವಂಥ ಯಂತ್ರಕ್ಕೆ ಬೇಕಾದ ಲಿಥಿಯಂ ಬ್ಯಾಟರಿ. ಒಮ್ಮೆ ಚಾರ್ಜ್ ಮಾಡಿದರೆ ಇಡೀ ದಿನ ಬರಬೇಕು. ಮೂರು ಸಿದ್ಧವಾಗಿದ್ದವು, ಪೂರ್ತಿ ಚಾರ್ಜ್ ಆಗಿದ್ದವು. "ನೀರು ಮಾತ್ರ ತಾಗಬಾರದು ನೋಡ್ರಿ ಮಾವಾ" ಎಂದು ಹೇಳಿ, ತಂತಿ ತರಲು ರಾಣೆಬೆನ್ನೂರಿಗೆ ಹೋದೆ. ನಾನು ಹೋದ ಮೇಲೆ ಒಂದು ಮಳೆ ಬಂದು ನಿಂತಿದೆ.

ಮಧ್ಯಾಹ್ನ ಮರಳಿದಾಗ ಬಿಸಿಲು ಸುಡುತ್ತಿತ್ತು. ಅಂಗಳದ ತುಂಬ ಹರವಿದ ಕೆಂಪು ಕಾಯಿಗಳ ನಡುವೆ ಮಾವ ಬರಿಗಾಲಲ್ಲಿ ನಿಂತಿದ್ದರು. ಅವರ ಮುಂದೆ ಕಾಯಿಗಳ ಮೇಲೆ ಮೂರೂ ಬ್ಯಾಟರಿ ಸಾಲಾಗಿದ್ದವು.

"ಬಾರವ್ವಾ. ತಗಡು ಸೋರಿ ನಿನ್ನ ಸಾಮಾನು ತೊಯ್ದು ತೊಪ್ಪಿ ಆಗಿದ್ವು. ಒಣಾಕ ಹಾಕೇನಿ. ತಾಸಿಗೊಮ್ಮೆ ತಿರುವಿ ಹಾಕಾಕತ್ತೇನಿ." ನಡುವಿನದನ್ನು ಎತ್ತಿಕೊಂಡರು. "ಇದೊಂದು ನೋಡು, ರೊಟ್ಟಿ ಉಬ್ಬಿದ್ಹಂಗ ಉಬ್ಬೇತಿ."

"ಒಗೀರಿ ಅದನ್ನ. ದೂರ ಒಗೀರಿ."

"ಹುಚ್ಚಿ ಅದಿ ಏನು? ಆರು ತಿಂಗಳು ನಿದ್ದಿಗೆಟ್ಟು ಮಾಡೀದಿ, ಒಗಿ ಅಂತಿ?"

ಅದನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ನನಗೆ ಕೊಡಲು ಬಂದರು, ಕಾಯಿ ತುಳಿಯದಂತೆ ಹೆಜ್ಜೆ ಎತ್ತೆತ್ತಿ ಇಡುತ್ತ. ಸುಸ್ಸೆಂಬ ಸದ್ದು ನನಗೆ ಕೇಳಿಸಿತು, ಅದೇನೆಂದು ಅವರಿಗೆ ತಿಳಿಯಲಿಲ್ಲ. ಓಡಿಹೋಗಿ ಅವರ ಮಣಿಕಟ್ಟಿಗೆ ಹೊಡೆದೆ. ಬೀಳುವಾಗಲೇ ಅದು ಬೆಂಕಿ ಕಾರಿತು. ಮರುಕ್ಷಣ ಕಾಯಿ ಹೊತ್ತಿಕೊಂಡಿತು. ಆ ಘಾಟಿಗೆ ಗಂಟಲು ಮುಚ್ಚಿಹೋಯಿತು, ಕಣ್ಣು ಕಾಣಲಿಲ್ಲ. ಕೈಗೆ ಸಿಕ್ಕ ಧೋತರದ ಅಂಚು ಹಿಡಿದು ಮಾವನನ್ನು ಗೇಟಿನಾಚೆ ಎಳೆದೆ. ಹಮಾಲರು ಮೂಗಿಗೆ ಟವೆಲ್ ಕಟ್ಟಿಕೊಂಡು ಮರಳು ಸುರಿದರು. ಬೆಂಕಿ ಗೋದಾಮಿಗೆ ಮುಟ್ಟಲಿಲ್ಲ.

ಮಾವನ ಆ ಹೆಜ್ಜೆಗಳನ್ನು ಈಗಲೂ ಎಣಿಸುತ್ತೇನೆ. ನಾಲ್ಕು. ಇನ್ನೊಂದು ಇಟ್ಟಿದ್ದರೆ ಅದು ಅವರ ಎದೆಯ ಹತ್ತಿರವೇ ಸಿಡಿಯುತ್ತಿತ್ತು. ಶಾಖ ತಾಗಬಾರದೆಂಬುದು ನನ್ನ ನೋಟ್‌ಬುಕ್ಕಿನ ಮೊದಲ ಸಾಲು. ಅವರಿಗೆ ನೀರಿನದಷ್ಟೇ ಹೇಳಿದ್ದೆ. ಬಿಸಿಲಿನದು ಹೇಳುವ ಮಾತೆಂದು ನನಗೆ ಹೊಳೆಯಲೇ ಇಲ್ಲ.

ಹಾವೇರಿಯ ಆಸ್ಪತ್ರೆಯಲ್ಲಿ ಸುಟ್ಟ ಅಂಗೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತ ಮಾವ ಕೇಳಿದರು:

"ನೀರೂ ಆಗೂದಿಲ್ಲ, ಬಿಸಿಲೂ ಆಗೂದಿಲ್ಲ. ಮತ್ತ ಇದನ್ನ ನಮ್ಮ ಮಾರ್ಕೆಟ್ಟಿನ್ಯಾಗ ಎಲ್ಲಿ ಇಡಬೇಕವ್ವಾ?"

ಆರು ತಿಂಗಳಲ್ಲಿ ಒಮ್ಮೆಯೂ ಇದನ್ನು ನಾನು ಕೇಳಿಕೊಂಡಿರಲಿಲ್ಲ.