ಅತ್ತೆಯ ಹಂಡೆ, ಅಮ್ಮನ ಒಲೆ

ಕೆಂಗೇರಿಗೆ ಬಂದು ವಾರ ತುಂಬುವ ಮೊದಲೇ ನಾನು ಅತ್ತೆಯ ಹಂಡೆಯೊಳಗೆ ಇಳಿದು ಕೂತುಬಿಟ್ಟೆ. ನಗಬೇಡಿ. ಅಥವಾ ನಗಿ, ಈಗ ನಾನೂ ನಗುತ್ತೇನೆ. ಆ ಬೆಳಗಿನ ಜಾವ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ.

ದೀಪಾವಳಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ ಅಂತ ಅತ್ತೆ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹೂ ಸುತ್ತಿ, ಬಾವಿಯ ನೀರು ತುಂಬಿ ಪೂಜೆ ಮಾಡಿದ್ದರು. ಒಂದು ಕಾಲಕ್ಕೆ ತುಂಬಿದ ಮನೆಗೆ ನೀರು ಕಾಯಿಸಿದ ಹಂಡೆ ಅದು, ಬಾಯಿ ಅಗಲ. ನಾನೋ ಆಗ ಕಡ್ಡಿಯಂತಿದ್ದೆ.

ನಾನು ಹುಟ್ಟಿದ್ದು ಜಪಾನಿನ ಒಂದು ಬಂದರಿನ ಹಿಂದಿರುವ ಗುಡ್ಡದ ಹಳ್ಳಿಯಲ್ಲಿ. ಅಲ್ಲೂ ಹೀಗೇ, ಒಲೆಗೆ ಹೂತು ಕಟ್ಟಿದ ದೊಡ್ಡ ಕಬ್ಬಿಣದ ಕಡಾಯಿ, ಕೆಳಗೆ ಕಟ್ಟಿಗೆಯ ಉರಿ. ಅದಕ್ಕೆ ಫುರೊ ಅನ್ನುತ್ತೇವೆ. ಇಲ್ಲಿ ಹಂಡೆಯ ನೀರನ್ನು ತೋಡಿ ಮೈಮೇಲೆ ಹುಯ್ದುಕೊಳ್ಳುತ್ತಾರೆ. ಅಲ್ಲಿ ಹೊರಗೇ ಮೈ ತಿಕ್ಕಿ ತೊಳೆದು, ಆಮೇಲೆ ಕಡಾಯಿಯೊಳಗೆ ಕತ್ತಿನವರೆಗೆ ಮುಳುಗಿ ಕೂರುತ್ತಾರೆ. ತಳ ಸುಡದಂತೆ ಒಂದು ಹಲಗೆಯನ್ನು ಕಾಲಲ್ಲಿ ಒತ್ತಿಕೊಂಡು ಇಳಿಯಬೇಕು. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಅದೇ ನೀರಿಗೆ. ಮೊದಲ ಸರದಿ ಬಂದ ಅತಿಥಿಗೆ.

ಆ ಜಾವ ಹಂಡೆ ಕಾಯಿಸಿ ಅತ್ತೆ ಕೈಸನ್ನೆಯಲ್ಲಿ ಬಚ್ಚಲು ತೋರಿಸಿದಾಗ, ಇಷ್ಟೆಲ್ಲ ಸಿಂಗಾರ ಮಾಡಿ ಮೊದಲ ಸರದಿ ನನಗೇ ಕೊಟ್ಟರಲ್ಲ ಅಂತ ಕಣ್ಣು ತುಂಬಿತು. ಮೈ ಚೆನ್ನಾಗಿ ತೊಳೆದುಕೊಂಡೆ. ಹಲಗೆ ಹುಡುಕಿದೆ, ಕಾಣಲಿಲ್ಲ. ಸ್ನಾನಕ್ಕೆ ಕೂರುವ ಮಣೆ ಇತ್ತು. ಅದನ್ನೇ ಹಂಡೆಗೆ ಹಾಕಿ, ಮೇಲೆ ಕಾಲಿಟ್ಟು, ಮೈ ಮುದುಡಿಕೊಂಡು ಇಳಿದೆ.

ನನ್ನ ತಲೆಗೆ ಹಚ್ಚಲೆಂದು ಎಣ್ಣೆಬಟ್ಟಲು ಹಿಡಿದು ಬಂದ ಅತ್ತೆ ಬಾಗಿಲಲ್ಲೇ ನಿಂತರು. ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟು, ಹೊರಗೆ ತಿರುಗಿ ಮಗನನ್ನು ಕರೆದರು.

“ಬಂದು ನೋಡೋ ನಂಜೇಗೌಡ, ನಿನ್ನ ಹೆಂಡ್ತಿ ಬೇಯೋಕೆ ಕೂತವ್ಳೆ.”

ಆ ನೀರನ್ನೆಲ್ಲ ಚೆಲ್ಲಿ, ಹಂಡೆ ಮತ್ತೆ ಬೆಳಗಿ, ಮತ್ತೆ ತುಂಬಿಸುವಷ್ಟರಲ್ಲಿ ಹೊತ್ತು ಹುಟ್ಟಿತ್ತು. ಸೂರ್ಯ ಕಾಣುವ ಮುಂಚೆ ಆಗಬೇಕಿದ್ದ ಎಣ್ಣೆಸ್ನಾನ ಕೆಟ್ಟಿತು. ನಮ್ಮನೆಯವರು ಫುರೊ ವಿಚಾರವನ್ನು ತಾಯಿಗೆ ಎಷ್ಟು ಹೇಳಿದರೂ ಅವರ ಮುಖ ತಿಳಿಯಾಗಲಿಲ್ಲ. ಅಂದಿನಿಂದ ನಾನು ಹಂಡೆಯ ಹತ್ತಿರ ಹೋಗುವಂತಿರಲಿಲ್ಲ. ಅತ್ತೆ ಒಂದು ಬಕೀಟು ನೀರು ತೋಡಿ ಬಾಗಿಲ ಬಳಿ ಇಟ್ಟು ಹೋಗುವರು. ಪಕ್ಕದ ಮನೆಯ ಪುಟ್ಟತಾಯಮ್ಮ ಬೇಲಿಯ ಆಚೆಯಿಂದ ಅತ್ತೆಯನ್ನು ಛೇಡಿಸುತ್ತಿದ್ದಳು, ಹೊನ್ನಕ್ಕಾ, ಸೊಸೆ ಉಂಡರೆ ಖರ್ಚಿಲ್ಲ, ಮಿಂದರೆ ಬಾವಿ ಬತ್ತುತ್ತೆ ಅಂತ.

ನಮ್ಮನೆಯವರು ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮೂರ ಕಡೆ ಕಾವಲಿಗೆ ಬಂದ ಭಾರತದ ಪಡೆಯಲ್ಲಿ ಲಾರಿ ರಿಪೇರಿಯವರು. ಪಡೆ ವಾಪಸಾದಾಗಲೂ ಬಂದರಿನಲ್ಲಿ ಕೆಲಸ ಹಿಡಿದು ಉಳಿದು, ನನ್ನನ್ನು ಮದುವೆಯಾಗಿ, ಹಡಗಿನಲ್ಲಿ ಕರೆತಂದರು. ರಾಜಾಜಿನಗರದಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲೊಂದು ಕಡೆ ಕೆಲಸ ಸಿಕ್ಕಿತು. ಬೆಳಗಿನ ರೈಲಿಗೆ ಹೋದರೆ ದೀಪ ಹಚ್ಚಿದ ಮೇಲೇ ಬರುವುದು. ನಡುವಿನ ಹಗಲೆಲ್ಲ ಅತ್ತೆ, ನಾನು, ಎಮ್ಮೆ.

ಅತ್ತೆ ಮಾತಾಡುತ್ತಿದ್ದದ್ದು ಎಮ್ಮೆಯ ಜೊತೆ. ಹುಲ್ಲು ಹಾಕುವಾಗ ಅದಕ್ಕೆ ಊರ ಸುದ್ದಿ ಹೇಳುವರು, ಬಯ್ಯುವರು, ಸತ್ತ ಮಾವನ ನೆನಪು ತೆಗೆಯುವರು. ನಾನು ಎಮ್ಮೆಯ ಆಚೆ ಬದಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಕನ್ನಡವೆಲ್ಲ ಹಾಗೆ ಬಂದದ್ದು. ಅಜ್ಜಿ ಮಾತು ಹಳೇ ಕಾಲದ್ದು ಅಂತ ಮೊಮ್ಮಕ್ಕಳು ಈಗ ನಗುತ್ತಾರೆ. ಎಮ್ಮೆಯ ಪಾಲಿನದನ್ನು ಕದ್ದು ಕಲಿತದ್ದು ಅಂತ ಅವರಿಗೇನು ಗೊತ್ತು.

ಮುದ್ದೆಯನ್ನು ಅಗಿಯದೆ ನುಂಗಲು ಕಲಿತೆ. ಸೀರೆ ಉಡಲು ಕಲಿತೆ. ಅನ್ನ ಅಲ್ಲೂ ಉಂಟು, ಇಲ್ಲೂ ಉಂಟು. ಊಟಕ್ಕಾಗಿ ನಾನು ಅಷ್ಟು ಹಂಬಲಿಸಲಿಲ್ಲ. ಹಂಬಲಿಸಿದ್ದು ಬೆನ್ನಿಗೆ. ನಮ್ಮಲ್ಲಿ ಹೆಂಗಸರು ಒಬ್ಬರ ಬೆನ್ನನ್ನು ಒಬ್ಬರು ತಿಕ್ಕುತ್ತಾರೆ. ಒಳಗೆ ನೀರಲ್ಲಿ ಕೂತಾಗ ಹೊರಗೆ ಅಮ್ಮ ಒಲೆಗೆ ಕಟ್ಟಿಗೆ ನೂಕುತ್ತ, ಗೋಡೆಯಾಚೆಯಿಂದ, ಬಿಸಿ ಸಾಕಾ ಅಂತ ಕೇಳುತ್ತಿದ್ದಳು. ಕೆಂಗೇರಿಯಲ್ಲಿ ಕತ್ತಲ ಬಚ್ಚಲಲ್ಲಿ ಆ ಒಂದು ಬಕೀಟಿನ ಮುಂದೆ ಕೂತರೆ, ನನ್ನ ಕೈಗೆ ಎಟುಕದ ಬೆನ್ನಿನ ಆ ಅಂಗೈಯಗಲದ ಜಾಗ ಸಮುದ್ರದಾಚೆಯೇ ಉಳಿದುಹೋಗಿದೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಬಸುರಾದೆ. ಚೊಚ್ಚಲ ಬಾಣಂತನ ತವರಿನದು ಅನ್ನುವುದನ್ನು ಎಮ್ಮೆಯ ಪಕ್ಕದಲ್ಲೇ ತಿಳಿದುಕೊಂಡಿದ್ದೆ. ನನಗೆ ಯಾವ ತವರು? ಮುಟ್ಟಿಯೂ ನೋಡದ ಅತ್ತೆ ನನಗೆ ಎರೆಯುತ್ತಾರೆಯೇ? ತಿಂಗಳು ತುಂಬುತ್ತಾ ಬಂದ ಹಾಗೆ ಹೆರಿಗೆಗಿಂತ ಅದೇ ಭಯವಾಯಿತು. ಪುಟ್ಟತಾಯಮ್ಮ ಬೇಲಿಯಾಚೆಯಿಂದ ಅದನ್ನೇ ಕೇಳಿಬಿಟ್ಟಳು. ಅತ್ತೆ ಹಾಲು ಕರೆಯುತ್ತಿದ್ದವರು ತಲೆ ಎತ್ತಲಿಲ್ಲ.

“ಅವ್ಳ ಅವ್ವ ಹಡಗು ಹತ್ಕೊಂಡು ಬರ್ತಾಳಾ? ನಾನೇನು ಸತ್ತೋಗಿದೀನಾ?”

ಮಗ ಹುಟ್ಟಿದ ಮೇಲೆ ಅತ್ತೆ ಸೆರಗು ಸಿಕ್ಕಿಸಿ ನನ್ನನ್ನು ಬಚ್ಚಲಿಗೆ ಕರೆದೊಯ್ದರು. ಅದೇ ಮಣೆಯ ಮೇಲೆ ಕೂರಿಸಿ, ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ, ಹೊಗೆಯಾಡುವ ನೀರನ್ನು ಹಂಡೆಯಿಂದ ತೋಡಿ ತೋಡಿ ಎರೆದರು. ಸೀಗೆಪುಡಿ ಹಿಡಿದ ಒರಟು ಅಂಗೈ ಬೆನ್ನಿನ ಆ ಜಾಗಕ್ಕೆ ಬಂದು ಗಸಗಸ ಉಜ್ಜತೊಡಗಿತು.

“ಬಿಸಿ ಸಾಕೇನೇ?”

ನಾನು ಮುಖವನ್ನು ಮೊಣಕಾಲಿಗೆ ಒತ್ತಿಕೊಂಡೆ.

“ಯಾಕೆ ಅಳ್ತೀಯ? ಸೀಗೆ ಬಿತ್ತಾ ಕಣ್ಣಿಗೆ?”

“ಹೂಂ ಅತ್ತೆ.”

ಇನ್ನೂ ನಾಲ್ಕು ತಂಬಿಗೆ ಎರೆದು, ಏನೋ ಯೋಚಿಸಿ ಕೇಳಿದರು, “ನಿಮ್ಮೂರಲ್ಲಿ ಒಳಗೇ ಕೂರ್ತೀರಂತಲ್ಲ, ತಳ ಸುಡಲ್ವೇನೇ?”

“ಅದಕ್ಕೇ ಅತ್ತೆ, ಮಣೆ.”

ತಂಬಿಗೆ ಅರ್ಧದಲ್ಲೇ ನಿಂತಿತು. “ಅಯ್ಯೋ ಹುಡ್ಗಿ, ಅದಕ್ಕಾ ನೀನು ನನ್ನ ಮಣೆ ಮುಳುಗಿಸಿದ್ದು?” ಅಂತ ನಗತೊಡಗಿದವರು ಗೋಡೆ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಎಮ್ಮೆಗೆ ಹೇಳುತ್ತಿದ್ದ ಸುದ್ದಿಯೆಲ್ಲ ನನ್ನ ಪಾಲಿಗೂ ಬರತೊಡಗಿತು.

ಮಗ ಓಡಾಡುವಷ್ಟಾದಾಗ, ಅಮ್ಮನಿಗೆ ಕಾಯಿಲೆ ಅಂತ ತಿಳಿದು ಒಮ್ಮೆ ಊರಿಗೆ ಹೋದೆ. ಹೋಗುವಷ್ಟರಲ್ಲಿ ಅಮ್ಮ ಎದ್ದು ಓಡಾಡುತ್ತಿದ್ದಳು. ನಾನು ಬಂದ ಸಂಜೆಯೇ, ಯಾರು ಬೇಡವೆಂದರೂ ಕೇಳದೆ, ತಾನೇ ಫುರೊ ಕಾಯಿಸಿದಳು. ಮೊದಲ ಸರದಿ ನನಗೆ.

ಒಳಗೆ ಹೋಗಿ ಮೈ ತೊಳೆದುಕೊಂಡೆ. ಹಲಗೆ ನೀರಿನ ಮೇಲೆ ತೇಲುತ್ತಿತ್ತು. ಕೆಂಗೇರಿಯ ಬಚ್ಚಲಲ್ಲಿ ಎಷ್ಟು ಸಲ ಕಣ್ಣು ಮುಚ್ಚಿ ಇದೇ ನೀರನ್ನು ಕಂಡಿದ್ದೆನೋ. ಕಾಲೆತ್ತಲು ಹೋದೆ, ಏಳಲಿಲ್ಲ. ನನ್ನ ಹಿಂದೆ ಇದೇ ನೀರಿಗೆ ಅಮ್ಮ ಇಳಿಯಬೇಕು, ಅಣ್ಣ ಅತ್ತಿಗೆ ಇಳಿಯಬೇಕು. ಎಲ್ಲರ ನೀರಿಗೆ ಕಾಲಿಡುವುದೇ? ಹಂಡೆಗೆ ಬೆರಳು ಅದ್ದಿದರೂ ಗದರುತ್ತಿದ್ದ ಅತ್ತೆ ಬಾಗಿಲಲ್ಲಿ ನಿಂತ ಹಾಗಿತ್ತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಸಣ್ಣ ಮರದ ಬೋಗುಣಿಯಲ್ಲಿ ತೋಡಿ ತೋಡಿ ಹುಯ್ದುಕೊಂಡೆ.

ಗೋಡೆಯಾಚೆಯಿಂದ ಅಮ್ಮ ಕೆಮ್ಮಿದಳು. ನಮ್ಮ ಭಾಷೆಯಲ್ಲಿ ಕೇಳಿದಳು, ಬಿಸಿ ಸಾಕಾ?

ನಾನು ಕಡಾಯಿಯೊಳಕ್ಕೆ ಮೊಣಕೈವರೆಗೆ ಕೈ ಇಳಿಬಿಟ್ಟು, ಯಾರೋ ಮುಳುಗಿ ಕೂತ ಹಾಗೆ ನೀರನ್ನು ತುಳುಕಿಸಿದೆ. ಸಾಕಮ್ಮ, ಹಿತವಾಗಿದೆ ಅಂದೆ.

ಇನ್ನೊಂದು ಕೊರಡು ಒಲೆಗೆ ಬಿದ್ದ ಸದ್ದಾಯಿತು. ಯಾರೂ ಕೂರದ ಆ ನೀರನ್ನು ಅಮ್ಮ ಹೊರಗೆ ಕೂತು ಕಾಯಿಸುತ್ತಲೇ ಇದ್ದಳು.