ಅಟ್ಟ ತುಂಬಿದ ಮಳೆಗಾಲ

ಏಪ್ರಿಲ್ ಮುಗಿಯುವ ಹೊತ್ತಿಗೆ ಮಂಕಿಯ ನಮ್ಮ ಮನೆಗೆ ಖರ್ಚಿನ ಹುಚ್ಚು ಹಿಡಿಯುತ್ತಿತ್ತು. ಅಪ್ಪ ಹೊನ್ನಾವರದ ಬಂದರಿನಿಂದ ಮೀನು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ಜೂನ್, ಜುಲೈಯಲ್ಲಿ ಬೋಟುಗಳು ಕಡಲಿಗಿಳಿಯುವುದಿಲ್ಲ, ಟೆಂಪೋಗೂ ಕೆಲಸವಿಲ್ಲ. ಹಾಗಾಗಿ ಇದ್ದಬದ್ದ ದುಡ್ಡನ್ನೆಲ್ಲ ಸಾಮಾನು ಮಾಡಿ ಅಟ್ಟಕ್ಕೇರಿಸುವುದು ನಮ್ಮ ಕ್ರಮ. ಕುಚಲಕ್ಕಿ ಮೂಟೆ, ಒಣ ಬಂಗಡೆ, ಒಣ ಸೀಗಡಿ, ಮೆಣಸು, ಕುಮಟಾ ಕಡೆಯ ಸಿಹಿ ಈರುಳ್ಳಿ ಗೊಂಚಲು. ಕೈಯಲ್ಲಿದ್ದ ದುಡ್ಡು ಕರಗುತ್ತದೆ, ಅಟ್ಟದಲ್ಲಿರುವ ಅಕ್ಕಿ ಹಾಗಲ್ಲ ಎಂದು ಅಪ್ಪ ಹೇಳುತ್ತಿದ್ದ. ಕೇರಿಯವರೆಲ್ಲರ ಬುದ್ಧಿಯೂ ಅದೇ.

ಮೂರು ವರ್ಷದ ಹಿಂದೆ ನನ್ನ ಅಮ್ಮ, ಆಯಿ, ಮೊದಲ ಸಲ ತಕರಾರು ತೆಗೆದಳು. ಹೊನ್ನಾವರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಮದುವೆ ಸೀಜನ್ನಿನ ಇನಾಮು ತಂದಿದ್ದೆ.

"ಇದೊಂದು ಹಾಂಗೇ ಇರ್ಲಿ ತಂಗಿ. ಮಳೇಲಿ ಎಂತಾದ್ರೂ ಬೇಕಾದ್ರೆ?" ಎಂದಳು. ಮಗಳಾದ ನನ್ನನ್ನು ಅವಳು ಕರೆಯುವುದೇ ತಂಗಿ ಎಂದು.

"ಅಕ್ಕಿ, ಮೀನು ಬಿಟ್ಟು ಮಳೇಲಿ ನಿಂಗೆ ಮತ್ತೆಂತ ಬೇಕು ಆಯಿ?" ಎಂದು ನಾನು ನಗಾಡಿದೆ. ಮರುದಿನವೇ ಇನ್ನೊಂದು ಮೂಟೆ ಅಕ್ಕಿ, ಹಂಚಿಗೆ ಹೊದಿಸಲು ದೊಡ್ಡ ತಾಡಪಾಲು ತಂದು ಎಲ್ಲ ಖಾಲಿ ಮಾಡಿದೆ.

ಜುಲೈಯ ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದ ಆಯಿ, ಬಲಗಣ್ಣಿಗೆ ಕಪ್ಪು ಪರದೆ ಇಳಿದ ಹಾಗಾಗುತ್ತಿದೆ ಎಂದಳು. ಹೊನ್ನಾವರದ ಡಾಕ್ಟರು ನೋಡಿ, ಕಣ್ಣಿನ ಒಳಪದರ ಕಳಚುತ್ತಿದೆ, ನಾಳೆಯೇ ಮಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ, ತಡವಾದರೆ ದೃಷ್ಟಿ ಹೋಗುತ್ತದೆ ಎಂದರು. ಖರ್ಚು ಎಷ್ಟಾಗಬಹುದೆಂದೂ ಹೇಳಿದರು. ಅಷ್ಟು ದುಡ್ಡು ಮನೆಯಲ್ಲಿರಲಿಲ್ಲ.

ಕೇರಿಯ ಮನೆಮನೆಗೂ ಹೋದೆ. ಯಾರೂ ಕೆಟ್ಟವರಲ್ಲ. ಪಕ್ಕದ ಮನೆಯ ಅಕ್ಕ ಕಣ್ಣೀರು ಹಾಕಿ, "ಅಕ್ಕಿ ಬೇಕಾದ್ರೆ ತಕಂಡು ಹೋಗು ಮಾರಾಯ್ತಿ, ಈಗ ದುಡ್ಡು ಎಲ್ಲಿಂದ ತರ್ಲಿ?" ಎಂದಳು. ಎಲ್ಲರ ದುಡ್ಡೂ ಅಟ್ಟದ ಮೇಲಿತ್ತು. ಅಂಗಡಿಯ ಯಜಮಾನರು ಶ್ರಾವಣ ಬರಲಿ ಎಂದರು. ಭಟ್ಕಳದಲ್ಲಿದ್ದ ಮಾವ ಇವತ್ತು, ನಾಳೆ ಎಂದು ಐದು ದಿನ ಕಾಯಿಸಿದ. ಆಯಿ ಮೊದಲ ದಿನವೇ ಕರಿಮಣಿ ಬಿಚ್ಚಿಕೊಡಲು ಬಂದಿದ್ದಳು. ಕೇರಿಯವರು ಎಂತ ಹೇಳಿಯಾರು ಎಂದು ಅಪ್ಪ ಬೇಡವೆಂದಿದ್ದ. ಎಂಟನೇ ದಿನ ಅದನ್ನೇ ಅಡವಿಡಲು ಬ್ಯಾಂಕಿಗೆ ಹೋದ. ಅದಕ್ಕೆ ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ.

ಮಂಗಳೂರಿನ ಡಾಕ್ಟರು ಕಣ್ಣು ನೋಡಿ ರೇಗಿದರು. "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿ, "ಮಳೆ ಡಾಕ್ಟ್ರೆ. ನಮ್ಮ ಬದಿಗೆ ಜೋರು ಮಳೆ. ರಸ್ತೆ ಬಂದ್ ಆಗಿತ್ತು," ಎಂದಳು.

ರಸ್ತೆ ಒಂದು ದಿನವೂ ಬಂದ್ ಆಗಿರಲಿಲ್ಲ. ಮಂಗಳೂರು ಬಸ್ಸುಗಳು ನಮ್ಮೆದುರಿಗೇ ಹೋಗುತ್ತಿದ್ದವು.

ಆಪರೇಷನ್ ಆಯಿತು, ದೃಷ್ಟಿ ಬರಲಿಲ್ಲ. ಅಟ್ಟದ ಅಕ್ಕಿ ದೀಪಾವಳಿ ದಾಟಿಯೂ ಉಳಿಯಿತು. ಬೇಡವೆಂದರೂ ಕೇಳದೆ ಆಯಿಯೇ ಅದನ್ನು ಆರಿಸುತ್ತಿದ್ದಳು. ಊಟದಲ್ಲಿ ಕಲ್ಲು ಸಿಕ್ಕರೆ ನಾನೂ ಅಪ್ಪನೂ ಸದ್ದಿಲ್ಲದೆ ನುಂಗಿಬಿಡುತ್ತಿದ್ದೆವು.